ಮೆಮೊರಿಯಲ್ಲಿ ಸಿಕ್ಕ ಆರು ಬೈಟುಗಳು: ನೆಟ್‌ವರ್ಕ್ ಸಾಧನವನ್ನು ಲಿನಕ್ಸಿಗೆ ಒಪ್ಪಿಸಿದ ನನ್ನ ಅನುಭವ

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ನಾನು ಕಲಿಸುವ ವಿದ್ಯಾರ್ಥಿಗಳಿಗೆ, ಯಂತ್ರ ಚಾಲೂ ಆದ ಕ್ಷಣದಿಂದ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಏಳುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಮಾಡಿಸಿಯೇ ತೋರಿಸಬೇಕೆಂಬ ಆಸೆ ನನಗಿತ್ತು. ಅದಕ್ಕಾಗಿ, ವರ್ಚುವಲ್ ಯಂತ್ರಗಳನ್ನು ಓಡಿಸುವ ಕ್ಯೂಎಮು ತಂತ್ರಾಂಶದ ಜೊತೆ ಬಳಸುವ, ಯಂತ್ರವನ್ನು ಮೊದಲು ಎಬ್ಬಿಸುವ ಓವಿಎಂಎಫ್ ಫರ್ಮ್‌ವೇರಿನಿಂದ ವರ್ಟ್ಐಒ (ವರ್ಚುವಲ್ ಯಂತ್ರಗಳ ಸಾಧನಗಳಿಗೆ ಇರುವ ಮಾನದಂಡ) ನೆಟ್‌ವರ್ಕ್ ಡ್ರೈವರನ್ನು ತೆಗೆದು, ಆ ಜಾಗದಲ್ಲಿ ನಾವೇ ಬರೆದ ಚಿಕ್ಕ ಡ್ರೈವರನ್ನು ಕೂರಿಸಿದೆವು. ಒಂದೇ ಸರ್ವರಿನ ಮೇಲೆ 20 ವರ್ಚುವಲ್ ಯಂತ್ರಗಳು, ಅವೆಲ್ಲವನ್ನೂ ಜೋಡಿಸುವ ಒಂದೇ ಬ್ರಿಡ್ಜಿನ (ತಂತ್ರಾಂಶದ ನೆಟ್‌ವರ್ಕ್ ಸ್ವಿಚ್ಚಿನ) ಮೂಲಕ ನೆಟ್‌ವರ್ಕಿನಿಂದ ಬೂಟ್ ಆಗುತ್ತಿದ್ದವು. ರಾತ್ರಿ ನಾನೊಬ್ಬನೇ ಕುಳಿತು ಎಷ್ಟು ಸಲ ಬೂಟ್ ಮಾಡಿದರೂ ತಪ್ಪು ಕಾಣುತ್ತಿರಲಿಲ್ಲ. ಬೆಳಿಗ್ಗೆ ಇಡೀ ಬ್ಯಾಚ್ ಒಟ್ಟಿಗೆ ಯಂತ್ರಗಳನ್ನು ಚಾಲೂ ಮಾಡಿದಾಗ ಮಾತ್ರ ಎರಡು ಮೂರು ಯಂತ್ರಗಳಲ್ಲಿ ಕರ್ನಲ್ ಪ್ಯಾನಿಕ್ (ಸರಿಪಡಿಸಲಾಗದ ದೋಷದಿಂದ ಕರ್ನಲ್ ನಿಂತುಬಿಡುವುದು) ಆಗುತ್ತಿತ್ತು, ಅದೂ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸರ್ವರಿನ ರ‍್ಯಾಮ್ ಕೆಟ್ಟಿರಬೇಕೆಂದು ಭಾವಿಸಿ ಎರಡು ದಿನ ಅದನ್ನೇ ಪರೀಕ್ಷಿಸಿದೆ. ರ‍್ಯಾಮ್ ಸರಿಯಾಗಿತ್ತು. ಮೂರನೆಯ ದಿನ, ಪ್ಯಾನಿಕ್ ಆಗಿ ನಿಂತ ಯಂತ್ರದ ಮೆಮೊರಿಯನ್ನು ಕ್ಯೂಎಮು ಮಾನಿಟರಿನಿಂದ ಫೈಲಿಗೆ ಇಳಿಸಿಕೊಂಡು, ಕೆಟ್ಟ ಪುಟವನ್ನು (ಮೆಮೊರಿಯ ಒಂದು ತುಂಡನ್ನು) ತೆರೆದು ನೋಡಿದೆ. ಪುಟದ ಆರಂಭದಲ್ಲಿ 12 ಬೈಟುಗಳು, ಅವುಗಳ ಬೆನ್ನಿಗೇ ಆರು ಸಲ ಎಫ್‌ಎಫ್, ಬಳಿಕ 52 54 00 ಎಂದು ಶುರುವಾಗುವ ಆರು ಬೈಟುಗಳು, ಆಮೇಲೆ 08 06. ವರ್ಟ್ಐಒ 1.0ರ ನೆಟ್‌ವರ್ಕ್ ಹೆಡರಿನ ಅಳತೆ 12 ಬೈಟು. ಆರು ಎಫ್‌ಎಫ್ ಎಂದರೆ ಎಲ್ಲ ಯಂತ್ರಗಳಿಗೂ ಮುಟ್ಟುವ ಬ್ರಾಡ್‌ಕಾಸ್ಟ್ ವಿಳಾಸ. 52 54 00 ಕ್ಯೂಎಮು ಯಂತ್ರಗಳ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಸಾಧನದ ಗುರುತಿನ) ಮೊದಲ ಭಾಗ. 08 06 ಎಂಬುದು ಎಆರ್‌ಪಿಯ ಗುರುತು, ಅಂದರೆ ಒಂದು ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ ಎಂದು ಹುಡುಕುವ ಸಂದೇಶದ್ದು. ಪಕ್ಕದ ಯಂತ್ರವೊಂದು ಕಳಿಸಿದ ಎಆರ್‌ಪಿ ಪ್ಯಾಕೆಟ್, ಕರ್ನಲ್ ತನ್ನದೆಂದು ನಂಬಿ ಬಳಸುತ್ತಿದ್ದ ಪುಟದೊಳಗೆ ಬಂದು ಕುಳಿತಿತ್ತು.

ಕಾರಣ ಅಲ್ಲಿಂದ ತಾನಾಗಿ ಬಿಚ್ಚಿಕೊಂಡಿತು. ನಮ್ಮ ಡ್ರೈವರ್ ತನ್ನ ರಿಂಗುಗಳನ್ನೂ (ಸಾಧನದೊಂದಿಗೆ ಹಂಚಿಕೊಳ್ಳುವ ಸರತಿಗಳನ್ನೂ), ಪ್ಯಾಕೆಟ್ ಸ್ವೀಕರಿಸುವ ಬಫರುಗಳನ್ನೂ ಬೂಟ್ ಸರ್ವಿಸಸ್ ಡೇಟಾ ಎಂಬ ಬಗೆಯ ಮೆಮೊರಿಯಲ್ಲಿ ಇಟ್ಟಿತ್ತು. ಫರ್ಮ್‌ವೇರಿನಿಂದ ಯಂತ್ರವನ್ನು ಕರ್ನಲ್ ವಹಿಸಿಕೊಳ್ಳುವ ಎಕ್ಸಿಟ್‌ಬೂಟ್‌ಸರ್ವಿಸಸ್ ಕರೆ ಮುಗಿದ ಮೇಲೆ ಆ ಜಾಗ ಆಪರೇಟಿಂಗ್ ಸಿಸ್ಟಮಿಗೆ ಸೇರುತ್ತದೆ. ಎಕ್ಸ್86 ಲಿನಕ್ಸ್ ಅದನ್ನು ಸ್ವಲ್ಪ ಹೊತ್ತು ಮುಟ್ಟದೆ ಕಾಯ್ದಿರಿಸಿದರೂ, ತನ್ನ ವರ್ಟ್ಐಒ ಡ್ರೈವರ್ ಏಳುವ ಮೊದಲೇ ಸಾಮಾನ್ಯ ಬಳಕೆಗೆ ಬಿಟ್ಟುಬಿಡುತ್ತದೆ. ಲಿನಕ್ಸಿನ ಡ್ರೈವರ್ ಮೊದಲ ಕೆಲಸವಾಗಿ ಸಾಧನವನ್ನು ರಿಸೆಟ್ ಮಾಡುತ್ತದೆ ನಿಜ, ಆದರೆ ಅಲ್ಲಿಯವರೆಗೆ ಹೈಪರ್‌ವೈಸರಿನ (ವರ್ಚುವಲ್ ಯಂತ್ರವನ್ನು ನಡೆಸುವ ಕ್ಯೂಎಮುವಿನ) ಪಾಲಿಗೆ ಹಳೆಯ ಬಫರುಗಳು ಇನ್ನೂ ಜೀವಂತವಾಗಿಯೇ ಇರುತ್ತವೆ. ರಾತ್ರಿ ಬ್ರಿಡ್ಜಿನಲ್ಲಿ ಪ್ಯಾಕೆಟ್ಟುಗಳೇ ಇರಲಿಲ್ಲವಾದ್ದರಿಂದ ಆ ನಡುವಿನ ಅವಧಿಯಲ್ಲಿ ಬರೆಯಲು ಏನೂ ಬರುತ್ತಿರಲಿಲ್ಲ. ಇದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದಾಗ, ಚಿಂಚೋಳಿ ಕಡೆಯ ಒಬ್ಬ ಹುಡುಗ, "ಸರ್, ಲಾವಣಿ (ಗುತ್ತಿಗೆ) ಹೊಲ ಬಿಟ್ಟ ಮ್ಯಾಲೂ ಹಳೇ ಮಂದಿ ಮೋಟರ್ ಬಂದ್ ಮಾಡಿಲ್ಲ ಅಂದಂಗಾಯ್ತಲ್ರಿ, ನೀರು ಹೊಸಬರ ತೊಗರಿಗಿ ಹೊಂಟದ" ಎಂದ. ನನ್ನ ಅರ್ಧ ಗಂಟೆಯ ವಿವರಣೆಗಿಂತ ಆ ಮಾತು ಉಳಿದವರಿಗೆ ಬೇಗ ಮುಟ್ಟಿತು.

ಪರಿಹಾರಕ್ಕೆ ಬೇಕಾದದ್ದು ಎಕ್ಸಿಟ್‌ಬೂಟ್‌ಸರ್ವಿಸಸ್ ಸಮಯದಲ್ಲಿ ಕರೆಸಿಕೊಳ್ಳುವ ಒಂದು ಸಣ್ಣ ಫಂಕ್ಷನ್ ಮಾತ್ರ. ಓವಿಎಂಎಫ್‌ನ ಮೂಲ ಡ್ರೈವರಿನಲ್ಲಿ ಅದು ಇದ್ದೇ ಇತ್ತು, ನಮ್ಮದರಲ್ಲಿ ಅದನ್ನು ಬರೆದಿರಲಿಲ್ಲ. ಆದರೆ ಮೊದಲ ಯತ್ನದಲ್ಲಿ ನಾನು ಡ್ರೈವರನ್ನು ಮುಚ್ಚುವ ಇಡೀ ಫಂಕ್ಷನ್ನನ್ನೇ ಅಲ್ಲಿಂದ ಕರೆದೆ, ಅದು ಬಫರುಗಳನ್ನು ಬಿಡುಗಡೆಯನ್ನೂ ಮಾಡುತ್ತಿತ್ತು. ಹೊರನೋಟಕ್ಕೆ ಎಲ್ಲವೂ ಸರಿಯಾಗಿ ಓಡಿದರೂ ಅದು ತಪ್ಪು: ಆ ಹೊತ್ತಿಗೆ ಕರ್ನಲ್ ಮೆಮೊರಿ ನಕ್ಷೆಯನ್ನು ಪಡೆದುಕೊಂಡಿರುತ್ತದೆ, ನಕ್ಷೆ ಬದಲಾಗಬಾರದೆಂದೇ ಯುಇಎಫ್‌ಐ (ಫರ್ಮ್‌ವೇರಿನ ಮಾನದಂಡ) ನಿಯಮ ಅಲ್ಲಿ ಮೆಮೊರಿ ಪಡೆಯುವುದನ್ನೂ ಬಿಡುವುದನ್ನೂ ನಿಷೇಧಿಸುತ್ತದೆ. ಆದ್ದರಿಂದ ಈಗ ಆ ಫಂಕ್ಷನ್ ಸಾಧನದ ಸ್ಟೇಟಸ್ ರಿಜಿಸ್ಟರಿಗೆ 0 ಬರೆದು, ಅಂದರೆ ಸಾಧನವನ್ನು ರಿಸೆಟ್ ಮಾಡಿ, ಓದಿದಾಗಲೂ 0 ಬರುವವರೆಗೆ ಕಾಯುತ್ತದೆ. ಬೇರೇನನ್ನೂ ಮಾಡುವುದಿಲ್ಲ. ಡಿಸ್ಕ್ ಡ್ರೈವರ್ ಪ್ರತಿ ಕೋರಿಕೆಗೂ ಉತ್ತರ ಬರುವವರೆಗೆ ಕಾಯುವುದರಿಂದ ಅಲ್ಲಿ ಅಪಾಯ ಕಡಿಮೆ, ಆದರೂ ಅದರ ರಿಂಗನ್ನೂ ಹೈಪರ್‌ವೈಸರ್ ಮರೆಯಲೇಬೇಕು.

ಕ್ಯೂಎಮು ಟ್ರೇಸಿನಲ್ಲಿ (ಅದರ ಘಟನಾ ದಾಖಲೆಯಲ್ಲಿ) ಸ್ಟೇಟಸ್ ಬರಹಗಳನ್ನು ಸಮಯದೊಂದಿಗೆ ದಾಖಲಿಸಿ ನೋಡಿದೆ. ಪರಿಹಾರಕ್ಕೆ ಮೊದಲು, ಸಾಧನ ಸಿದ್ಧವಾಗುತ್ತ ಹೋದಂತೆ 1, 3, 11, 15 ಎಂದು ಏರಿದ್ದ ಬೆಲೆ ಲಿನಕ್ಸ್ ಡ್ರೈವರ್ ಬರುವವರೆಗೆ 15ರಲ್ಲೇ ನಿಂತಿರುತ್ತಿತ್ತು. ಈಗ ಹಸ್ತಾಂತರದ ಕ್ಷಣದಲ್ಲೇ 0ಗೆ ಇಳಿದು, ಲಿನಕ್ಸ್ ಡ್ರೈವರ್ ಬಂದಾಗ ಇನ್ನೊಮ್ಮೆ 0 ಆಗಿ, ಹೊಸದಾಗಿ 1ರಿಂದ ಏರುತ್ತದೆ.

ಪರದೆಯ ವಿಷಯದಲ್ಲಿ ಮಾತ್ರ ಇದೇ ನಿಯಮವನ್ನು ಕಣ್ಣು ಮುಚ್ಚಿ ಹಚ್ಚುವಂತಿಲ್ಲ. ಸಾದಾ ವಿಜಿಎ ಸಾಧನ ಗೆಸ್ಟ್ (ವರ್ಚುವಲ್ ಯಂತ್ರದ) ಮೆಮೊರಿಗೆ ತಾನಾಗಿ ಬರೆಯುವುದಿಲ್ಲ, ಅದರ ಫ್ರೇಮ್‌ಬಫರನ್ನು (ಪರದೆಯ ಚಿತ್ರ ಇರುವ ಮೆಮೊರಿಯನ್ನು) ಕರ್ನಲ್ ಇದ್ದಂತೆಯೇ ಬಳಸಿಕೊಳ್ಳುತ್ತದೆ. ಆದ್ದರಿಂದ ಅದನ್ನು ಹಾಗೆಯೇ ಬಿಡಬೇಕು. ವರ್ಟ್ಐಒ ಜಿಪಿಯು ಆದರೆ ಚಿತ್ರವನ್ನು ಗೆಸ್ಟ್ ಮೆಮೊರಿಯಿಂದಲೇ ಓದುತ್ತದೆ, ಹಾಗಾಗಿ ಅದಕ್ಕೂ ರಿಸೆಟ್ ಬೇಕು, ಕರ್ನಲಿನ ಡ್ರೈವರ್ ಏಳುವವರೆಗೆ ಪರದೆ ಕತ್ತಲಾಗಿರುವುದನ್ನು ಒಪ್ಪಿಕೊಳ್ಳಬೇಕು. ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಬೂಟ್ ಸಂದೇಶಗಳನ್ನು ಓದಬೇಕಾದ ಯಂತ್ರಗಳಿಗೆ ಸಾದಾ ವಿಜಿಎಯನ್ನೇ ಇಟ್ಟಿದ್ದೇನೆ.