ಡಿಟಿಎಚ್ ಡಿಶ್‌ನಿಂದ ಮಳೆಹನಿಯ ವೇಗ ಅಳೆದ ನನ್ನ ಅನುಭವ

ವಿದ್ಯಾರಣ್ಯಪುರದ ನಮ್ಮ ತಾರಸಿಯ ಮೇಲಿರುವ 60 ಸೆಂ.ಮೀ.ನ ಹಳೆಯ ಡಿಶ್ ಈಗ ಮಳೆಹನಿಗಳು ಬೀಳುವ ವೇಗವನ್ನು ನೆಚ್ಚುವಂತೆ ಹೇಳುತ್ತಿದೆ. ಆಂಧ್ರದ ಗಾದಂಕಿಯ ವಾತಾವರಣ ರಾಡಾರ್‌ಗೆ 1024 ಯಾಗಿ ಆಂಟೆನಾಗಳು (ಹಳೆಯ ಟಿವಿ ಆಂಟೆನಾದಂಥವು) ಬೇಕಾದ ಕಡೆ ಇದರಿಂದೇನಾದೀತು ಎಂದು ಗೆಳೆಯರು ಸಂಶಯಪಟ್ಟಿದ್ದರು. ಆದರೆ 53 ಮೆಗಾಹರ್ಟ್ಸ್‌ನ ಆ ರಾಡಾರ್ ನೋಡುವುದು ಮೋಡವಿಲ್ಲದ ಗಾಳಿಯ ಕದಡಿಕೆಯನ್ನು; ಹನಿಗಳನ್ನಷ್ಟೇ ನೋಡಲು 24 ಗಿಗಾಹರ್ಟ್ಸ್‌ನ ಅಗ್ಗದ ಡಾಪ್ಲರ್ ಮಾಡ್ಯೂಲ್, ಅಂದರೆ ಚಲಿಸುವ ವಸ್ತುವಿಗೆ ಬಡಿದು ಮರಳುವ ಅಲೆಯ ಆವರ್ತನ ಎಷ್ಟು ಹರ್ಟ್ಸ್ ಬದಲಾಯಿತು ಎಂಬುದರಿಂದ ವೇಗ ತಿಳಿಸುವ ಪುಟ್ಟ ರಾಡಾರ್, ಸಾಕು. 10 ಸೆಂ.ಮೀ. ತರಂಗಾಂತರದಲ್ಲಿ ಒಂದು ಡಿಗ್ರಿಯ ಕಿರಣಕ್ಕೆ ಸುಮಾರು ಎಂಟೂವರೆ ಮೀಟರ್ ಡಿಶ್ ಬೇಕು, 24 ಗಿಗಾಹರ್ಟ್ಸ್‌ನ ಅಲೆ ಅದಕ್ಕಿಂತ ಬಹಳ ಗಿಡ್ಡವಾದ್ದರಿಂದ ಇಲ್ಲಿ ಈ ಸಣ್ಣ ಡಿಶ್ಶೇ ಕಿರಣವನ್ನು ಒಂದೂವರೆ ಡಿಗ್ರಿಗೆ ತರುತ್ತದೆ.

ಎಸ್.ಪಿ. ರಸ್ತೆಯಲ್ಲಿ ಮಾಡ್ಯೂಲಿಗೆ ಆರೇಳುನೂರು ಕೊಟ್ಟ ನೆನಪು, ಡಿಶ್ ಗುಜರಿಯಲ್ಲಿ ಇನ್ನೂರಕ್ಕೆ ಸಿಕ್ಕಿತು. ಹಣವನ್ನೆಲ್ಲ ನುಂಗಿದ್ದು ನೀರು. ಮಾಡ್ಯೂಲನ್ನು ಆಕಾಶಕ್ಕೆ ಮುಖಮಾಡಿಸಿ ಅಕ್ರಿಲಿಕ್ ಮುಚ್ಚಿದಾಗ, ಹನಿಗಳ ಹೊಡೆತಕ್ಕೆ ಹಾಳೆ ಅದುರಿ ಅದರ ಸದ್ದೇ ದಾಖಲಾಗುತ್ತಿತ್ತು. ಅಂಚಿನಿಂದ ಸೋರಿದ ನೀರಿಗೆ ಮಾಡ್ಯೂಲುಗಳೂ ಬಲಿಯಾದವು. ಒಟ್ಟು ಖರ್ಚು ಆರು ಸಾವಿರ ದಾಟಿತು.

ದಾರಿ ತೋರಿಸಿದ್ದು ಆಫ್‌ಸೆಟ್ ಡಿಶ್, ಅಂದರೆ ಅಲೆ ಕೂಡುವ ಬಿಂದು ನಡುವಿನಲ್ಲಿರದೆ ಒಂದು ಪಕ್ಕಕ್ಕಿರುವ ಡಿಶ್. ಇದರ ಕಿರಣ ನೆಟ್ಟಗೆ ಮೇಲಕ್ಕೆ ಹೋಗುವಾಗಲೂ ಮೈ ಓರೆಯಾಗಿಯೇ ಇರುವುದರಿಂದ ನೀರು ಜಾರಿಹೋಗುತ್ತದೆ, ಮಾಡ್ಯೂಲ್ ಕೆಳಮುಖವಾಗಿರುವುದರಿಂದ ಅದರ ಮುಖ ನೆನೆಯುವುದಿಲ್ಲ. 83 ಡಿಗ್ರಿ ಪೂರ್ವದ ಉಪಗ್ರಹಕ್ಕಾಗಿ ಕೂರಿಸಿದ ಡಿಶ್ ಬೆಂಗಳೂರಿನಲ್ಲಿ ಹೇಗೂ 73 ಡಿಗ್ರಿಯಷ್ಟು ಮೇಲೆಯೇ ನೋಡುತ್ತಿರುತ್ತದೆ, ಉಳಿದಷ್ಟನ್ನು ಎತ್ತಿದರಾಯಿತು. ಡಿಶ್‌ನಿಂದ ಚಿಮ್ಮುವ ತುಂತುರು ಕಾಣದಂತೆ ಅದರ ಮೇಲೆ ಹಚ್ಚಿದ್ದೇನು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಕಾಟ 100 ಹರ್ಟ್ಸ್‌ನದು. ಮೆಟ್ಟಿಲಿನ ಟ್ಯೂಬ್‌ಲೈಟಿನೊಳಗಿನ ಅಯಾನೀಕೃತ ಅನಿಲ ಸೆಕೆಂಡಿಗೆ ನೂರು ಬಾರಿ ಅಲೆಗಳನ್ನು ಪ್ರತಿಫಲಿಸುತ್ತಿತ್ತು. 150 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ಇದರಿಂದ ಜಿನುಗುಮಳೆಯ ಅತಿಸಣ್ಣ ಹನಿಗಳು ಕೈಬಿಟ್ಟವು, ಅದಕ್ಕೆ ಬೇಸರವಿಲ್ಲ.

ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 161 ಹರ್ಟ್ಸ್ ಬರಬೇಕು. ನೋಡಿಯೇಬಿಡೋಣವೆಂದು ಡಿಶ್ ಇಲ್ಲದೆ, ಮಾಡ್ಯೂಲಿನ ಪಕ್ಕದ ಸ್ಪಂಜಿನ ಮೇಲೆ ಒಂದೂಕಾಲು ಮೀಟರ್ ಎತ್ತರದಿಂದ ಗೋಲಿ ಬೀಳಿಸಿದೆ. ಕೊನೆಯಲ್ಲಿ 800 ಹರ್ಟ್ಸ್ ಹತ್ತಿರ ಬಂತು, ಲೆಕ್ಕಕ್ಕೆ ಸರಿಯಾಗಿತ್ತು.

ಅಕ್ಟೋಬರಿನ ಗುಡುಗುಮಳೆಯಲ್ಲಿ ಮೊದಲು 1400 ಹರ್ಟ್ಸ್‌ನ ದಪ್ಪ ಹನಿಗಳು, ಅಂದರೆ ಸೆಕೆಂಡಿಗೆ ಒಂಬತ್ತು ಮೀಟರಿನ ಆಸುಪಾಸಿನವು, ಬಂದವು. ಮಳೆ ಇಳಿದ ಮೇಲೆ ಒಂದು ಮಿ.ಮೀ.ನ ಹನಿಗಳು 650ರ ಸುತ್ತ ನಿಂತವು. ಹನಿಯ ವ್ಯಾಸ ಇಮ್ಮಡಿಯಾದರೆ ಪ್ರತಿಧ್ವನಿ 64 ಪಟ್ಟು ಎಂಬ ನಿಯಮ ಈ ತರಂಗಾಂತರದಲ್ಲಿ ದಪ್ಪ ಹನಿಗಳಿಗೆ ಒಗ್ಗುವುದಿಲ್ಲವಾದ್ದರಿಂದ ತಿದ್ದುಪಡಿಯ ಪಟ್ಟಿ ಹಾಕಿಕೊಂಡೆ. ಆ ಬಳಿಕ ಪ್ರತಿಧ್ವನಿಯಿಂದ ನಾನು ಲೆಕ್ಕಹಾಕಿದ ಮಳೆಯ ಪ್ರಮಾಣಕ್ಕೂ ತಾರಸಿಯ ಮಳೆಮಾಪಕಕ್ಕೂ ಐದನೇ ಒಂದು ಭಾಗದಷ್ಟೇ ವ್ಯತ್ಯಾಸ ಉಳಿಯಿತು. ಸಂಶಯಪಟ್ಟವರಲ್ಲಿ ಇಬ್ಬರು ಈಗ ಇಂಥದೇ ಡಿಶ್ ಹುಡುಕುತ್ತಿದ್ದಾರೆ.

ಸತತ ಅಲೆಯ ಈ ರಾಡಾರ್ ಹನಿ ಯಾವ ಎತ್ತರದಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಆವರ್ತನವನ್ನು ಏರಿಳಿಸಬಲ್ಲ ಮಾಡ್ಯೂಲ್ ತಂದಿಟ್ಟಿದ್ದೇನೆ. ಮುಂಗಾರಿನ ಮೊದಲು ಅದನ್ನು ಇದೇ ಡಿಶ್‌ಗೆ ಕೂರಿಸಬೇಕು.