ಪೋರ್ಟಿಕೋದಲ್ಲೇ ಮಾರುತಿ 800ರ ಎಂಜಿನ್ ಬದಲಿಸಿದ್ದು: ನನ್ನ ಅನುಭವ

‘ಒಬ್ಬನ ಕೈಲಿ ಆಗೋದಲ್ಲ, ಸೊಂಟ ಹೋಗುತ್ತೆ’ ಅಂದವರೆಲ್ಲ ಹೆದರಿಸಿದ್ದು ಎತ್ತುವ ಕೆಲಸಕ್ಕೆ. ಎತ್ತೋಕೆ ಇಪ್ಪತ್ತು ನಿಮಿಷ ಸಾಕಾಯ್ತು. ಉಳಿದ ನಾಲ್ಕು ಭಾನುವಾರ ತಿಂದದ್ದು ಒಂದು ಆಕ್ಸಲ್, ಒಂದು ಕ್ಲಚ್ ಪ್ಲೇಟು, ಮೊಳದುದ್ದದ ಒಂದು ಅರ್ತ್ ಪಟ್ಟಿ. ಅದಕ್ಕೇ ಇಲ್ಲಿ ಎತ್ತುವುದನ್ನು ಬೇಗ ಮುಗಿಸಿ, ಕೆಟ್ಟದ್ದರ ಬಗ್ಗೆ ಹೆಚ್ಚು ಬರೆಯುತ್ತೇನೆ.

ಗಾಡಿ 1997ರ ಕಾರ್ಬುರೇಟರ್ ಮಾಡೆಲ್, 796 ಸಿಸಿಯ ಎಫ್8ಬಿ ಎಂಜಿನ್, ನಾಲ್ಕು ಗೇರು. ಬಿಗ್ ಎಂಡ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಕೂರುವ ಬೇರಿಂಗ್) ಬಡಿತ ಶುರುವಾಗಿತ್ತು. ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್ ಎಲ್ಲ ಸೇರಿ ಗ್ಯಾರೇಜಿನ ಲೆಕ್ಕ 38 ಸಾವಿರ. ಅದರ ಬದಲು ಗುಜರಿ ಎಂಜಿನ್ ತಂದು ನಾನೇ ಕೂರಿಸೋಣ ಅಂತ ಹೊರಟೆ. ನನಗೆ ಅದುವರೆಗೆ ಗೊತ್ತಿದ್ದದ್ದು ಹೆಡ್ ಗ್ಯಾಸ್ಕೆಟ್ ಮತ್ತು ಕ್ಲಚ್ ಕೇಬಲ್, ಅಷ್ಟೆ.

ಗುಜರಿ ಎಂಜಿನ್ ಕೊಳ್ಳುವಾಗ ಗೇರ್‌ಬಾಕ್ಸ್ ಸಮೇತವೇ ಕೇಳಿ. ಸ್ಟಾರ್ಟರ್ ಕೂರುವುದು ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚ) ಮೇಲೆ. ಗೇರ್‌ಬಾಕ್ಸ್ ಇಲ್ಲದ ಎಂಜಿನ್ನನ್ನು ಅಂಗಡಿಯಲ್ಲಿ ತಿರುಗಿಸಿ ನೋಡೋಕೇ ಆಗಲ್ಲ. ಬ್ಯಾಟರಿ, ಜಂಪರ್ ಕೇಬಲ್, ಕಂಪ್ರೆಷನ್ ಗೇಜ್ ನಾವೇ ಒಯ್ಯಬೇಕು. ಮೂರೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡಬೇಕು. ಮೊದಲು ತೋರಿಸಿದ ಎಂಜಿನ್ನಿನಲ್ಲಿ 150, 145, 90 ಪಿಎಸ್‌ಐ (ಒತ್ತಡದ ಅಳತೆ) ಬಂತು, ಮೂರನೆಯದು ತೀರಾ ಕಡಿಮೆ. ‘ಓಡ್ತಾ ಓಡ್ತಾ ಸರಿ ಹೋಗುತ್ತೆ’ ಅಂದರು ಅಂಗಡಿಯವರು. ಎಲ್ಲಿ ಸೋರುತ್ತೆ ಅಂತ ನೋಡೋಕೆ ಮೂರನೇ ಸಿಲಿಂಡರಿಗೆ ಸೈಕಲ್ ಪಂಪ್ ಹಾಕಿದೆ. ಹಳೇ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಲೋಹದ ಚಿಪ್ಪಿಗೆ ಟ್ಯೂಬಿನ ವಾಲ್ವ್ ಬ್ರೇಜಿಂಗ್ ಮಾಡಿಸಿದರೆ ಅದೇ ಅಡಾಪ್ಟರ್, ಲೇತ್ ಅಂಗಡಿಯಲ್ಲಿ ನನಗೆ 80 ರೂಪಾಯಿ ಆಯ್ತು. ಪಿಸ್ಟನ್ ಕಂಪ್ರೆಷನ್ ಮುಗಿಸಿ ಮೇಲಿನ ತುದಿಯಲ್ಲಿರುವಾಗ (ಎರಡೂ ವಾಲ್ವ್ ಮುಚ್ಚಿರುತ್ತವೆ) 40 ಪಿಎಸ್‌ಐ ತುಂಬಿ ಕಿವಿ ಕೊಡಿ. ಕಾರ್ಬುರೇಟರ್ ಬಾಯಲ್ಲಿ ಸುಯ್ ಅಂದರೆ ಇನ್‌ಲೆಟ್ ವಾಲ್ವ್, ಎಕ್ಸಾಸ್ಟ್ ಕಡೆ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದರೆ ರಿಂಗ್. ಅಲ್ಲಿ ಹೋಗಿದ್ದು ಎಕ್ಸಾಸ್ಟ್ ವಾಲ್ವ್. ಎರಡನೇ ಎಂಜಿನ್ 150, 145, 150. ಆಯಿಲ್ ಮುಚ್ಚಳದ ಒಳಗೆ ಮೊಸರಿನಂಥ ಬಿಳಿ ಪೇಸ್ಟ್ (ಆಯಿಲಿಗೆ ನೀರು ಸೇರಿದ ಗುರುತು) ಇರಲಿಲ್ಲ. ಅದೇ ಬಂತು, 16,500ಕ್ಕೆ, ಬಿಲ್ ಸಮೇತ. ಬಿಲ್ ಬಿಡಬೇಡಿ, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಎತ್ತೋಕೆ ಬೋರ್‌ವೆಲ್ಲಿನ ಹಳೇ ಜಿಐ ಪೈಪು ಮೂರು, ಎರಡಿಂಚಿನವು, ಹತ್ತಡಿ ಉದ್ದ. ತುದಿಯಲ್ಲಿ ತೂತು ಕೊರೆದು 20 ಮಿ.ಮೀ. ಬೋಲ್ಟು ತೂರಿಸಿದರೆ ಮುಕ್ಕಾಲಿ ಸಿದ್ಧ. ಮೂರೂ ಕಾಲುಗಳನ್ನು ಕೆಳಗೆ ಚೈನಿನಿಂದ ಬಿಗಿದಿರಬೇಕು, ಇಲ್ಲದಿದ್ದರೆ ಟೈಲ್ಸ್ ಮೇಲೆ ಜಾರುತ್ತವೆ. ಅಡಿಗೆ ಹಳೇ ಟೈರಿನ ತುಂಡು. ಕಾರಿನ ಅಗಲ ಒಂದೂವರೆ ಮೀಟರೂ ಇಲ್ಲ, ಹಾಗಾಗಿ ಎರಡು ಕಾಲು ಆಚೆ ಈಚೆ, ಒಂದು ಮುಂದೆ ಸಲೀಸಾಗಿ ನಿಲ್ಲುತ್ತವೆ. ತುದಿ ಎಂಟಡಿಗಿಂತ ಕೆಳಗಿದ್ದರೆ ಸಾಲದು, ಚೈನ್ ಪುಲ್ಲಿಯ ಉದ್ದವೇ ಒಂದೂವರೆ ಅಡಿ ತಿನ್ನುತ್ತೆ. ಪೋರ್ಟಿಕೋ ಸ್ಲ್ಯಾಬಿನ ಫ್ಯಾನ್ ಕೊಕ್ಕೆಗೆ ತೂಗು ಹಾಕುವ ಆಸೆ ಎಲ್ಲರಿಗೂ ಬರುತ್ತೆ, ಬೇಡ. ಎಂಜಿನ್ನು ಗೇರ್‌ಬಾಕ್ಸ್ ಸೇರಿ ನೂರು ಕಿಲೋ ಒಳಗೇ. ಆದರೂ ಬಾಡಿಗೆಗೆ ಸಿಕ್ಕಿದ್ದು ಒಂದು ಟನ್ನಿನ ಪುಲ್ಲಿ, ದಿನಕ್ಕೆ 250.

ಎಂಜಿನ್ ಎತ್ತುವ ಮೊದಲು ಏನೇನು ಬಿಚ್ಚಬೇಕು ಅನ್ನುವ ಪೂರ್ತಿ ಪಟ್ಟಿ ಇಲ್ಲಿ ಕೊಡುವುದಿಲ್ಲ. ಎರಡು ಮಾತು ಮಾತ್ರ. ವ್ಯಾಕ್ಯೂಮ್ ಪೈಪುಗಳಿಗೆ ಪೇಪರ್ ಚೀಟಿ ಅಂಟಿಸಿದರೆ ಪೆಟ್ರೋಲ್ ತಾಗಿ ಅಕ್ಷರ ಅಳಿಸುತ್ತೆ. ಬಣ್ಣ ಬಣ್ಣದ ಉಲ್ಲನ್ ದಾರ ಕಟ್ಟಿ, ಪೈಪಿಗೊಂದು ಅದು ಕೂರುವ ಜಾಗಕ್ಕೊಂದು. ಇನ್ನೊಂದು, ಸೈಲೆನ್ಸರ್ ಫ್ಲ್ಯಾಂಜಿನ ನಟ್‌ಗಳು. ಹಿಂದಿನ ದಿನವೇ ಥಿನ್ನರ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧರ್ಧ ಬೆರೆಸಿ ಬಿಡಬೇಕು. ಅಂಗಡಿಯ ಸ್ಪ್ರೇ ಡಬ್ಬಿಗಿಂತ ಇದೇ ಮೇಲು ಅಂತ ನನ್ನ ಲೆಕ್ಕ. ಆದರೂ ಒಂದು ಸ್ಟಡ್ ಮುರಿಯಿತು.

ಆಕ್ಸಲ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟ್) ವಿಷಯದಲ್ಲಿ ಮಾತ್ರ ನನ್ನದೇ ಪೆದ್ದುತನ. ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಿದ ಮೇಲೆ ಶಾಫ್ಟ್ ಹಿಡಿದು ಎಳೆದೆ. ಒಳಗಿನ ಸರ್ಕ್ಲಿಪ್ (ಹಿಡಿದಿಡುವ ಸ್ಪ್ರಿಂಗ್ ಬಳೆ) ಬಿಡಲಿಲ್ಲ, ಜಾಯಿಂಟೇ ಬಿಚ್ಚಿಕೊಂಡು ಅದರ ಮೇಲಿನ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ನೆಲದ ಪಾಲಾಯ್ತು. ಶಾಫ್ಟ್ ಎಳೆಯುವ ಹಾಗೇ ಇಲ್ಲ. ಡಿಫರೆನ್ಷಿಯಲ್ ಅಂಚಿಗೂ ಒಳ ಜಾಯಿಂಟಿಗೂ ನಡುವೆ ಟೈರ್ ಲಿವರ್ ಕೊಟ್ಟು ಒಂದೇ ಪೆಟ್ಟಿಗೆ ಮೀಟಬೇಕು, ಟಕ್ ಅನ್ನುತ್ತೆ. ಎಡಗಡೆಯದು ಹಾಗೆ ಬಂತು, ಎರಡು ನಿಮಿಷ. ಬಲಗಡೆಯದಕ್ಕೆ ಬೂಟ್, ಗ್ರೀಸ್ ಸೇರಿ 300 ದಂಡ, ಅರ್ಧ ದಿನ. ಶಾಫ್ಟಿನ ಹೊರ ತುದಿ ಮಾತ್ರ ಹಬ್ಬಿನಲ್ಲೇ ಇರಲಿ. ಅದನ್ನೂ ತೆಗೆದು ಗಾಡಿ ಉರುಳಿಸಿದರೆ ವೀಲ್ ಬೇರಿಂಗಿನ ಕಥೆ ಮುಗೀತು. ಒಳ ತುದಿಗಳನ್ನು ತಂತಿಯಲ್ಲಿ ಮೇಲೆ ಕಟ್ಟಿ, ಬಾಲ್ ಜಾಯಿಂಟ್ ಬೋಲ್ಟನ್ನು ವಾಪಸ್ ಹಾಕಿ.

ಇದು ಬೇಕಾಗುವುದು ಯಾಕೆಂದರೆ ನೇತಾಡುವ ಎಂಜಿನ್ನನ್ನು ಮುಂದಕ್ಕೆ ತರುವ ಕೆಲಸವೇ ಇಲ್ಲ. ಎಂಜಿನ್ ಮೇಲೆ ಎತ್ತಿ ಅಲ್ಲೇ ಬಿಟ್ಟು, ಕಾರನ್ನು ಹಿಂದಕ್ಕೆ ತಳ್ಳಬೇಕು. ಎಂಜಿನ್ ಇಲ್ಲದ 800 ಹಗುರ, ಅದರಲ್ಲೂ ಮಳೆನೀರು ಹರಿದುಹೋಗಲಿ ಅಂತ ಪೋರ್ಟಿಕೋಗೆ ಕೊಟ್ಟ ಇಳಿಜಾರಿನಲ್ಲಿ ಬೆರಳಲ್ಲಿ ತಳ್ಳಿದರೂ ಹೋಗುತ್ತೆ. ಹಿಂದಿನ ಚಕ್ರದಿಂದ ನಾಲ್ಕಡಿ ದೂರಕ್ಕೆ ಮೊದಲೇ ಕಲ್ಲು ಇಟ್ಟಿರಿ. ವಾಪಸ್ ಕೂರಿಸುವಾಗ ಅದೇ ಇಳಿಜಾರು ವೈರಿ. ಆಗ ಲಾರಿಯವರು ಸಾಮಾನು ಬಿಗಿಯುವ ರ್‍ಯಾಚೆಟ್ ಪಟ್ಟಿಯನ್ನು ಎದುರಿನ ಕಂಬಕ್ಕೆ ಕಟ್ಟಿ ಕಾರನ್ನು ಇಂಚಿಂಚಾಗಿ ಮುಂದಕ್ಕೆ ಎಳೆದದ್ದು. ಇದಕ್ಕಿಂತ ನಯವಾಗಿ ನಾಲ್ಕು ಜನ ಸೇರಿದರೂ ತಳ್ಳಲಾರರು.

ಎತ್ತುವಾಗ ಗೇರ್‌ಬಾಕ್ಸ್ ಕಡೆ ತಗ್ಗಿರಬೇಕು. ಎಂಜಿನ್ನಿನ ಎರಡು ಕೊಕ್ಕೆಗಳ ನಡುವೆ ಒಂದು ಕಡೆ ಚೈನು, ಇನ್ನೊಂದು ಕಡೆ ಉದ್ದ ಬದಲಿಸಬಹುದಾದ ಜೋಡಣೆ ಇದ್ದರೆ ವಾಲಿಸುವುದು ಸುಲಭ. ನಾನು ಅಲ್ಲಿಗೆ ಏನು ಹಾಕಿದೆ, ಹಿಂದಿನ ಮೌಂಟಿನ (ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಕಟ್ಟು) ಬೋಲ್ಟನ್ನು ಒಬ್ಬನೇ ಹೇಗೆ ತೂರಿಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಎಲ್ಲರ ಮನೆಯಲ್ಲೂ ಇರುವ ಸಾಮಾನೇ, ಯೋಚಿಸಿ.

ಎಂಜಿನ್ ನೆಲದ ಮೇಲಿರುವಾಗ ಮಾಡದ ಕೆಲಸಕ್ಕೆ ಮುಂದೆ ಮೂರು ಪಟ್ಟು ಬೆಲೆ. ಕ್ರ್ಯಾಂಕಿನ ಎರಡೂ ಸೀಲ್, ಕ್ಯಾಮ್ ಸೀಲ್, ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್, ಹಿಂಬದಿಯ ನೀರಿನ ಹೋಸ್‌ಗಳು, ಡಿಫರೆನ್ಷಿಯಲ್‌ನ ಆಕ್ಸಲ್ ಸೀಲ್, ಮೌಂಟ್ ಮೂರೂ. ಟ್ಯಾಪೆಟ್ ಸಂದನ್ನು (ವಾಲ್ವಿನ ತುದಿಯಲ್ಲಿ ಬಿಡುವ ಎಡೆ) ಎಂಜಿನ್ ತಣ್ಣಗಿರುವಾಗ 0.15 ಮಿ.ಮೀ. ಸುಮಾರಿಗೆ ಇಟ್ಟೆ.

ಸುಮ್ಮನಿರಲಾರದೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಎಂಜಿನ್ನಿನೊಳಗೆ ನೀರು ಹರಿಯುವ ವಾಟರ್ ಜಾಕೆಟ್ ತುಂಬ ತುಕ್ಕು. ನಾಲ್ಕು ಲೀಟರ್ ಬಿಸಿ ನೀರಿಗೆ 200 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಕೆಳಗಿನ ಬಾಯಿಗೆ ಬಿರಡೆ ಕೊಟ್ಟು ತುಂಬಿಸಿ ಒಂದು ಗಂಟೆ ಬಿಟ್ಟೆ. ಹೆಡ್ ಅಲ್ಯೂಮಿನಿಯಂ, ಅದಕ್ಕಿಂತ ಹೆಚ್ಚು ಹೊತ್ತು ಬಿಡಬಾರದು. ಬೆಲ್ಲದ ಪಾನಕದಂಥ ನೀರು ಬಂತು. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದೆ. ಮಾರನೇ ದಿನ ನೋಡಿದರೆ ಒಂದು ವೆಲ್ಚ್ ಪ್ಲಗ್ಗಿನ (ಬ್ಲಾಕಿನ ತೂತು ಮುಚ್ಚುವ ತಗಡಿನ ಬಿಲ್ಲೆ) ಸುತ್ತ ತೇವ. ಇಷ್ಟು ದಿನ ತುಕ್ಕೇ ಅಲ್ಲಿ ನೀರು ತಡೆದಿತ್ತು! ಹೊಸ ಪ್ಲಗ್ 40 ರೂಪಾಯಿ, ಸಾಕೆಟ್ ಇಟ್ಟು ಬಡಿದು ಕೂರಿಸಿದೆ. ಎಂಜಿನ್ ಗಾಡಿಯೊಳಗಿದ್ದಿದ್ದರೆ ಅಳುವುದೊಂದೇ ಬಾಕಿ.

ಇನ್ನು ಕ್ಲಚ್. ಪ್ಲೇಟನ್ನು ನಟ್ಟನಡುವೆ ಕೂರಿಸುವ ಅಲೈನ್‌ಮೆಂಟ್ ಟೂಲ್ ಇರಲಿಲ್ಲ. ಪೊರಕೆ ಹಿಡಿಯ ತುಂಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ತುದಿಯನ್ನು ಫ್ಲೈವೀಲ್ ನಡುವಿನ ಬೇರಿಂಗಿನ ಅಳತೆಗೆ, ಹಿಂದಿನ ಭಾಗವನ್ನು ಪ್ಲೇಟಿನ ಸ್ಪ್ಲೈನ್ (ಹಲ್ಲುಗಳಿರುವ ನಡುವಿನ ತೂತು) ಅಳತೆಗೆ ತಂದರೆ ಸಾಕು. ಪ್ರೆಷರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿಯಬೇಕು. ಗೇರ್‌ಬಾಕ್ಸ್ ಕೊನೇ ಹತ್ತು ಮಿ.ಮೀ. ಕೂರದೆ ಸತಾಯಿಸುತ್ತೆ. ಬೋಲ್ಟ್ ಹಾಕಿ ಎಳೆಯಬೇಡಿ, ಪ್ಲೇಟಿನ ಹಬ್ ಹಾಳಾಗುತ್ತೆ. ನಾಲ್ಕನೇ ಗೇರಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯನ್ನು 17ರ ಸಾಕೆಟ್ಟಿನಲ್ಲಿ ಮೆಲ್ಲಗೆ ತಿರುಗಿಸಿದರೆ ಸ್ಪ್ಲೈನ್ ತಾನಾಗಿ ಸೇರುತ್ತೆ.

ಇಷ್ಟೆಲ್ಲ ಸರಿಯಾಗಿ ಮಾಡಿ, ಪ್ಲೇಟನ್ನು ಮಾತ್ರ ತಿರುವುಮುರುವು ಹಾಕಿದ್ದೆ. ಸ್ಪ್ರಿಂಗ್ ಉಬ್ಬಿರುವ ಮಗ್ಗುಲು ಪ್ರೆಷರ್ ಪ್ಲೇಟ್ ಕಡೆ ಬರಬೇಕು, ನನ್ನದು ಫ್ಲೈವೀಲ್ ಕಡೆ. ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಪೆಡಲ್ ತಳಮುಟ್ಟ ತುಳಿದರೂ ರಿವರ್ಸ್ ಕರಕರ ಅನ್ನುತ್ತೆ, ಗೇರಲ್ಲಿಟ್ಟರೆ ಗಾಡಿ ತೆವಳುತ್ತೆ. ಕೇಬಲ್ ಅಡ್ಜಸ್ಟರ್ ಕೊನೇವರೆಗೆ ತಿರುಗಿಸಿದರೂ ಬದಲಾವಣೆ ಇಲ್ಲ. ಮತ್ತೆ ಎಲ್ಲ ಬಿಚ್ಚಿ, ಮತ್ತೆ ಎತ್ತಿ. ಗೇರ್ ಆಯಿಲ್ ಎರಡು ಲೀಟರ್ ಮತ್ತೊಮ್ಮೆ, ಪುಲ್ಲಿ ಬಾಡಿಗೆಯೂ ಮತ್ತೊಮ್ಮೆ. ಎರಡನೇ ಸಲ ಬಿಚ್ಚೋಕೆ ಹಿಡಿದದ್ದು ಮೂರೇ ಗಂಟೆ, ಅಷ್ಟರ ಮಟ್ಟಿಗೆ ಕೈ ಪಳಗಿತ್ತು ಅಂತ ಹೇಳಿಕೊಳ್ಳಬಹುದು.

ಮೊದಲ ಸ್ಟಾರ್ಟಿನಲ್ಲಿ ಕಾರ್ಬುರೇಟರಿನಲ್ಲಿ ಪಟಾಕಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-2, ನಾನು 1-2-3 ಕೊಟ್ಟಿದ್ದೆ. ವೈರ್ ಅದಲು ಬದಲು ಮಾಡಿದೆ. ಆಮೇಲೆ ಸ್ಟಾರ್ಟರ್ ಎಳೆಯಲಾರದೆ ಗೊರ ಗೊರ ಅನ್ನತೊಡಗಿತು. ಬ್ಯಾಟರಿ ಹೊಸದು, ಸ್ಟಾರ್ಟರ್ ಅಂಗಡಿಯಲ್ಲೇ ನೋಡಿದ್ದು. ಮೂರನೇ ಸಲ ಕೀ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ಲಿನಿಂದ ಸಣ್ಣ ಹೊಗೆ. ಮುಟ್ಟಿದರೆ ಬಿಸಿ. ಗೇರ್‌ಬಾಕ್ಸಿನಿಂದ ಗಾಡಿಯ ಮೈಗೆ ಬರುವ ಅರ್ತ್ ಪಟ್ಟಿ ಹಾಕುವುದು ಮರೆತಿತ್ತು. ಮೌಂಟ್‌ಗಳೆಲ್ಲ ರಬ್ಬರ್, ಕರೆಂಟ್ ವಾಪಸ್ ಹೋಗೋಕೆ ಸಿಕ್ಕ ದಾರಿ ಆ ಕೇಬಲ್ಲಿನ ತಂತಿ ಒಂದೇ. ಒಳಗಿನ ನೈಲಾನ್ ಕರಗಿ ಕೇಬಲ್ ಹಿಡಿದುಕೊಂಡಿತು. ಎಂಜಿನ್ ಕೆಲಸ ಆದ ಗಾಡಿ ಸ್ಟಾರ್ಟರ್ ಎಳೆಯದಿದ್ದರೆ ಮೊದಲು ಜಂಪರ್ ಕೇಬಲ್ಲನ್ನು ಬ್ಯಾಟರಿ ನೆಗೆಟಿವ್‌ನಿಂದ ನೇರ ಗೇರ್‌ಬಾಕ್ಸಿಗೆ ಕೊಟ್ಟು ನೋಡಿ. ಗಿರ್ ಅಂತ ತಿರುಗಿದರೆ ಅರ್ತೇ ತೊಂದರೆ.

ಕೂಲೆಂಟ್ ತುಂಬುವಾಗ ಮುಂಭಾಗ ಜಾಕ್ ಮೇಲಿರಲಿ. ಹೀಟರ್ ಹೋಸ್ ಒಂದು ಬಿಚ್ಚಿಟ್ಟು, ಅಲ್ಲಿಂದ ಗುಳ್ಳೆ ನಿಂತು ಬರೀ ನೀರು ಬಂದ ಮೇಲೆ ಸಿಕ್ಕಿಸಿ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಚಾಳಿ ನಮ್ಮಲ್ಲಿದೆ. ಅದನ್ನೂ ಮಾಡಿ ನೋಡಿದೆ. ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟಲಿಲ್ಲ, ಬೆಳಿಗ್ಗೆ ಚೋಕ್ ಬಿಡುವ ಹಾಗಿಲ್ಲ, ಮೈಲೇಜ್ 17ರಿಂದ 15ಕ್ಕೆ ಬಂತು. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಮತ್ತೆ 17ರ ಹತ್ತಿರ.

ಲೆಕ್ಕ ನೆನಪಿದ್ದಷ್ಟು: ಎಂಜಿನ್ 16,500, ಕ್ಲಚ್ ಸೆಟ್ 2,200, ಬೆಲ್ಟ್ ಮತ್ತು ಟೆನ್ಷನರ್ 1,100, ಸೀಲು ಗ್ಯಾಸ್ಕೆಟ್ 900, ಮೌಂಟ್ 1,200, ಎಲ್ಲ ಆಯಿಲ್ ಕೂಲೆಂಟ್ ಸೇರಿ 2,500ರ ಮೇಲೆ, ಪುಲ್ಲಿ ಬಾಡಿಗೆ 1,500, ಚಿಲ್ಲರೆ ದಂಡಗಳು ಒಂದು ಸಾವಿರ. ಹತ್ತಿರ ಹತ್ತಿರ 27 ಸಾವಿರ. ಹಳೇ ಎಂಜಿನ್ ಗುಜರಿಗೆ ಹಾಕಿ 3,000 ಬಂತು. ನನ್ನ ತಪ್ಪುಗಳಿಗೇ ಎರಡು ಸಾವಿರ ಹೋಗಿದೆ, ನೀವು ಅದನ್ನು ಉಳಿಸಬಹುದು.

ಬಿಲ್ ಬೇಕಾಗುವುದು ಆರ್‌ಟಿಒಗೆ. ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ನಂಬರ್ ಬದಲಾಗಲೇಬೇಕು, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇದರದ್ದೇ. ಕೈ ಹಾಕುವ ಮೊದಲೇ ಹೋಗಿ ಕೇಳಿಕೊಳ್ಳಿ, ಬದಲಿಸಿದ ಮೇಲೆ 14 ದಿನದೊಳಗೆ ತಿಳಿಸಬೇಕು. ವಿಮೆಯವರಿಗೂ ಹೇಳಬೇಕು. ಎಂಜಿನ್ ನೆಲದ ಮೇಲಿರುವಾಗಲೇ ನಂಬರಿನ ಮೇಲಿನ ಜಿಡ್ಡನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಎರಡು ಅಚ್ಚು ತೆಗೆದಿಡಿ. ಗಾಡಿಯೊಳಗೆ ಕೂತ ಮೇಲೆ ಅಲ್ಲಿಗೆ ಕೈ ತೂರಿಸಿ ಕಾಗದ ಹಿಡಿಯುವ ಹೊತ್ತಿಗೆ ಮೊಣಕೈ ಚರ್ಮ ಉಳಿಯಲ್ಲ.