ಲಗೇಜ್ ತಕ್ಕಡಿಯಿಂದ ಟಾರ್ಕ್ ಅಳೆದದ್ದು

ಟಾರ್ಕ್ ಅಂದರೆ ತಿರುಗಿಸುವ ಪರಿಣಾಮ: ಬಲ ಗುಣಿಸು ಲಂಬ ದೂರ. ಪಿಯುಸಿಯಿಂದಲೂ ಇದು ಬಾಯಿಪಾಠ. ಆ 'ಲಂಬ' ಯಾಕೆ ಬೇಕು ಅಂತ ಕೈಗೆ ಗೊತ್ತಾಗಿದ್ದು ಮಾತ್ರ ಕಾರಿನ ಚಕ್ರದ ನಟ್ ಬಿಗಿ ಮಾಡುವಾಗ.

ನನ್ನ ಕಾರಿನ ಕೈಪಿಡಿ ವೀಲ್ ನಟ್‌ಗೆ 100 ನ್ಯೂಟನ್-ಮೀಟರ್ ಎನ್ನುತ್ತದೆ. ಎಷ್ಟು ಟಾರ್ಕ್ ಬಿತ್ತು ಅಂತ ತಿಳಿಸುವ ಟಾರ್ಕ್ ರೆಂಚ್ ಇರಲಿಲ್ಲ. ಸೂಟ್‌ಕೇಸ್ ತೂಗುವ 50 ಕೆಜಿಯ ಡಿಜಿಟಲ್ ತಕ್ಕಡಿ ಇತ್ತು. ಸ್ಪ್ಯಾನರ್ ಹಿಡಿಯ ಮೇಲೆ ನಟ್‌ನ ನಡುವಿನಿಂದ 30 ಸೆಂ.ಮೀ. ಅಳೆದು, ಅಲ್ಲಿ ಹಗ್ಗ ಕಟ್ಟಿ ತಕ್ಕಡಿ ಸಿಕ್ಕಿಸಿದೆ. 100 ಅನ್ನು 0.3ರಿಂದ ಭಾಗಿಸಿದರೆ ಸುಮಾರು 333 ನ್ಯೂಟನ್. ಅದನ್ನು 9.8ರಿಂದ ಭಾಗಿಸಿದರೆ 34 ಕೆಜಿ.

ಮೊದಲು ಬೇಕಂತಲೇ ಓರೆಯಾಗಿ ಎಳೆದೆ, ಹಿಡಿಗೂ ಹಗ್ಗಕ್ಕೂ ನಡುವೆ ಸುಮಾರು 30 ಡಿಗ್ರಿ ಬರುವ ಹಾಗೆ. ತಕ್ಕಡಿ 34 ತೋರಿಸಿತು. ಆಮೇಲೆ ಅದೇ ನಟ್ ಮೇಲೆ ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿಟ್ಟು, ಹಗ್ಗವನ್ನು ನೆಟ್ಟಗೆ ಮೇಲಕ್ಕೆ ಎಳೆದೆ. 34 ಮುಟ್ಟುವ ಮೊದಲೇ ನಟ್ ಇನ್ನಷ್ಟು ತಿರುಗಿತು! ಸ್ಪ್ಯಾನರ್ ಅದೇ, ತಕ್ಕಡಿಯಲ್ಲಿ 34 ಬಂದಿತ್ತು, ಆದರೂ ಮೊದಲ ಸಲ ಸಿಕ್ಕಿದ್ದು ಬೇಕಾದ್ದರ ಅರ್ಧ ಟಾರ್ಕ್ ಮಾತ್ರ.

ಯಾಕೆ ಅಂತ ನೋಡಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನಟ್ ಒಂದು ಚುಕ್ಕಿ, ಹಿಡಿ 30 ಸೆಂ.ಮೀ. ಗೆರೆ, ಅದರ ತುದಿಯಿಂದ ಹಗ್ಗದ ಓರೆ ಗೆರೆ. ಆ ಓರೆ ಗೆರೆಯನ್ನು ಹಿಂದಕ್ಕೂ ಬೆಳೆಸಿ, ನಟ್‌ನಿಂದ ಅದಕ್ಕೆ ಸೆಟ್ ಸ್ಕ್ವೇರ್ ಇಟ್ಟು ಅಳೆದರೆ 15 ಸೆಂ.ಮೀ. ಲಿವರ್ ಆರ್ಮ್ ಅಂದರೆ ಇದೇ. ಸ್ಪ್ಯಾನರ್ ಎಷ್ಟೇ ಉದ್ದ ಇರಲಿ, ಲೆಕ್ಕಕ್ಕೆ ಬರುವುದು ಈ ದೂರ. ಬಲ ಗುಣಿಸು ಹಿಡಿಯ ಉದ್ದ ಗುಣಿಸು ಕೋನದ ಸೈನ್, ಸೈನ್ 30 ಡಿಗ್ರಿ ಅರ್ಧ ಅಂತ ಸೂತ್ರ ಹೇಳುವುದೂ ಇದನ್ನೇ, ಅಲ್ವಾ? ವಿದ್ಯಾರ್ಥಿಗಳಿಗೆ ಸೈನ್‌ಗಿಂತ ಮೊದಲು ಈ ಗೆರೆ ಎಳೆಸಬೇಕು ಅನ್ನುವುದು ನನ್ನ ಹಟ.

ಪಂಕ್ಚರ್ ಆದಾಗ ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುತ್ತೇವಲ್ಲ, ಅಲ್ಲೂ ಹೀಗೇ. 60 ಕೆಜಿ ತೂಕದವರು ಅಡ್ಡ ಇಟ್ಟ ಹಿಡಿಯ ಮೇಲೆ 30 ಸೆಂ.ಮೀ. ದೂರದಲ್ಲಿ ನಿಂತರೆ ಸುಮಾರು 176 ನ್ಯೂಟನ್-ಮೀಟರ್. ಹಿಡಿ ನೆಟ್ಟಗೆ ಮೇಲಕ್ಕೆ ನಿಂತಿದ್ದರೆ ಅಷ್ಟೇ ತೂಕದಿಂದ ಸೊನ್ನೆ. ತೂಕದ ಗೆರೆ ನಟ್ ಮೂಲಕವೇ ಹೋಗುತ್ತದೆ, ಸುಮ್ನೆ ಒತ್ತಿದ್ದಷ್ಟೇ ಬಂತು.

ಹಿಡಿಗೆ ಪೈಪ್ ಸಿಕ್ಕಿಸಿ 60 ಸೆಂ.ಮೀ. ಮಾಡಿದರೆ 34ರ ಬದಲು 17 ಕೆಜಿ ಸಾಕು. ಹಾಗಂತ ಬಿಗಿ ಮಾಡಲು ಪೈಪ್ ಹಾಕಬೇಡಿ. ಗೊತ್ತಾಗದೆ ಜಾಸ್ತಿ ಬಿಗಿಯಾಗಿ ಬೋಲ್ಟ್ ಹಾಳಾಗುತ್ತದೆ. ಥ್ರೆಡ್‌ಗೆ ಎಣ್ಣೆ ಹಚ್ಚಿದ್ದರೂ ಅಷ್ಟೇ: ತಿಕ್ಕಾಟ ಕಡಿಮೆಯಾಗಿ, ಟಾರ್ಕ್ ಅದೇ ಇದ್ದರೂ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ.